ಪೈಪು ಕೊಯ್ಯುವ ಹೊತ್ತು

ತುಂಗಭದ್ರೆಯ ದಂಡೆಯ ಮೇಲೆ, ಊರಿಗೆ ಬೆನ್ನು ಮಾಡಿ ಒಂದು ತಗಡಿನ ಶೆಡ್ಡು. ಅಲ್ಲಿ ಮೌನಪ್ಪ ಬಡಿಗೇರ ಕಾರುಗಳ ಡಿಕ್ಕಿಯಲ್ಲಿ ಕೂರಿಸುವ ಸದ್ದಿನ ಪೆಟ್ಟಿಗೆ ಮಾಡುತ್ತಿದ್ದ.

ಹೆಸರು ಮೌನಪ್ಪ, ಕಸುಬು ಇದು. ಊರೊಳಗೆ ಇದ್ದಾಗ ಅಕ್ಕಪಕ್ಕದ ಮನೆಯ ಪಾತ್ರೆಗಳು ತಾವೇ ಅಟ್ಟದಿಂದ ಇಳಿದು ಬರುತ್ತಿದ್ದವಂತೆ. ಜನ ಕೈಮುಗಿದು ಅವನನ್ನು ಹೊಳೆಯ ದಾರಿ ಹಿಡಿಸಿದರು.

ಈ ಪೆಟ್ಟಿಗೆ ಬರೀ ಹಲಗೆ ಜೋಡಿಸಿದ್ದಲ್ಲ. ಮುಖದ ಮೇಲೆ ಬುಟ್ಟಿಯಗಲದ ವೂಫರ್, ದಪ್ಪ ಸ್ವರದ ಸ್ಪೀಕರು. ಪಕ್ಕದಲ್ಲಿ ಒಂದು ಪೈಪು. ವೂಫರಿನ ಹಾಳೆ ಹಿಂದೆ ಮುಂದೆ ಆಡಿದಾಗ ಪೆಟ್ಟಿಗೆ ಆ ಪೈಪಿನಿಂದ ಉಸಿರಾಡಬೇಕು. ಪೈಪು ಉದ್ದವಾದರೆ ಪೆಟ್ಟಿಗೆಯ ಸ್ವರ ತಗ್ಗುತ್ತದೆ, ಗಿಡ್ಡವಾದರೆ ಏರುತ್ತದೆ. ಸರಿಯಾದ ಜಾಗಕ್ಕೆ ಕೊಯ್ದರೆ ಹಾಡು ಎದೆಗೆ ಬಂದು ತಾಗುತ್ತದೆ. ತಪ್ಪಿದರೆ ಎಮ್ಮೆ ಕೆಮ್ಮಿದ ಹಾಗಿರುತ್ತದೆ.

ಇದನ್ನು ಕಲಿಯಲು ನೀಲವ್ವ ಬಂದಳು. ಮದುವೆಗಳಿಗೆ ಮೈಕ್‌ಸೆಟ್ ಹಾಕುವ ಮನೆತನದ ಹೆಣ್ಣುಮಗಳು. ಕಿವಿ ಚುರುಕು, ನಾಲಿಗೆ ಇನ್ನೂ ಚುರುಕು. ಅನುಮಾನದ ವಿಷಯ ಕೇಳಲೇಬೇಡಿ, ದೇವರು ಪ್ರಸಾದ ಕೊಟ್ಟರೂ ಮೂಸಿ ನೋಡುವವಳು.

"ಎಲ್ಲಾ ಕಲಸ್ತೀರೇನ್ರಿ ಗುರುಗಳ?" ಅಂದಳು.

"ಕೈಯಾಗ ಇರೋದೆಲ್ಲ ಕಲಸ್ತೀನಿ."

"ಕೈಯಾಗ ಇಲ್ಲದ್ದು?"

ಮೌನಪ್ಪ ಅವಳ ಮುಖವನ್ನೇ ನೋಡಿದ. ಮಾತಾಡುವವರ ಮುಖವನ್ನು ದಿಟ್ಟಿಸುವುದು ಅವನ ರೂಢಿ.

"ಅದನ್ನ ಯಾರು ಕಲಿಸ್ಯಾರವ್ವ?" ಅಂದ.

ಮೊದಲ ದಿನದ ಈ ಉತ್ತರವೇ ನೀಲವ್ವನಿಗೆ ಸರಿಬರಲಿಲ್ಲ.

ಆದರೂ ಅವನು ಕಲಿಸಿದ. ಹಲಗೆ ಕೊಯ್ಯುವುದು ಕಲಿಸಿದ. ಅಂಟು ಹಾಕಿ ಕೂಡಿಸುವುದು ಕಲಿಸಿದ. ಪೆಟ್ಟಿಗೆಯ ಸಂದಿಯಲ್ಲಿ ಗಾಳಿ ಸೋರುತ್ತದೆಯೋ ಎಂದು ಊದುಬತ್ತಿ ಹಚ್ಚಿ ಸುತ್ತಲೂ ಹಿಡಿಯುವುದು ಕಲಿಸಿದ. ಕಾರಿನವರು ಅದನ್ನು ಪೂಜೆ ಅಂದುಕೊಂಡು ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದರು. ಹೊಗೆ ಎಲ್ಲಿ ಬಳುಕುತ್ತದೋ ಅಲ್ಲಿ ತೂತು, ಅಷ್ಟೇ.

ಒಂದನ್ನು ಮಾತ್ರ ತೋರಿಸಲಿಲ್ಲ.

ಪೈಪು ಕೊಯ್ಯುವ ಹೊತ್ತು ಬಂತೆಂದರೆ ಕಾರಿನವರನ್ನು ಹೊರಗೆ ಹಾಕುತ್ತಿದ್ದ. ಆಮೇಲೆ ಅವಳ ಕಡೆ ತಿರುಗುತ್ತಿದ್ದ.

"ನೀಲವ್ವ, ಹೊಳಿಗೆ ಹೋಗಿ ಒಂದು ಕೊಡ ನೀರು ತಾ."

"ಡ್ರಮ್ಮಿನ್ಯಾಗ ನೀರು ತುಂಬೇತಲ್ರಿ."

"ಹೊಳಿ ನೀರು ತಾ."

"ಡ್ರಮ್ಮಿನ್ಯಾಗಿಂದೂ ಹೊಳಿ ನೀರ ಅಲ್ಲೇನ್ರಿ?"

"ಹೋಗವ್ವ."

ಅವಳು ಹೋಗುತ್ತಿದ್ದಳು. ಹಿಂದೆ ಬಾಗಿಲು ಮುಚ್ಚುತ್ತಿತ್ತು. ನೀರಿನಂಚಿಗೆ ನಿಂತರೆ ಶೆಡ್ಡಿನೊಳಗಿನಿಂದ ಗುಂಯ್ ಎನ್ನುವ ಸದ್ದು ತಗ್ಗಿನಿಂದ ಮೆಲ್ಲಗೆ ಮೇಲೇರುವುದು ಕೇಳಿಸುತ್ತಿತ್ತು. ನಿಲ್ಲುತ್ತಿತ್ತು. ಮತ್ತೆ ಏರುತ್ತಿತ್ತು. ಕೊಡ ಹೊತ್ತು ವಾಪಸು ಬರುವಷ್ಟರಲ್ಲಿ ಪೈಪು ಕೊಯ್ದು ಪೆಟ್ಟಿಗೆಯೊಳಗೆ ಅಂಟಿಸಿ ಆಗಿರುತ್ತಿತ್ತು. ಅವಳು ತಂದ ನೀರನ್ನು ಮೌನಪ್ಪ ತುಂಬಿದ ಡ್ರಮ್ಮಿಗೇ ಸುರಿಯುತ್ತಿದ್ದ. ಅದು ಚೆಲ್ಲಿ ಅವನ ಕಾಲಿಗೇ ಬರುತ್ತಿತ್ತು.

ಇದನ್ನು ನೋಡಿ ಯಾರಿಗೆ ಅನುಮಾನ ಬರುವುದಿಲ್ಲ ಹೇಳಿ.

ಹೆಣ್ಣು ಅಂತ ಮುಚ್ಚಿಡುತ್ತಾನೆ, ಅಂದುಕೊಂಡಳು ನೀಲವ್ವ. ಮಗನೋ ಅಳಿಯನೋ ಬರುವವರೆಗೆ ನನ್ನಿಂದ ಹಲಗೆ ಹೊರಿಸುತ್ತಾನೆ. ವಿದ್ಯೆ ಅವರಿಗೆ, ಅಂಟು ನನಗೆ.

ಹಾಗಾಗಿ ಅವಳು ತನ್ನ ದಾರಿ ಹುಡುಕಿಕೊಂಡಳು.

ಕೊಯ್ದ ಪೈಪಿನ ತುಂಡುಗಳನ್ನು ಮೌನಪ್ಪ ಶೆಡ್ಡಿನ ಹಿಂದೆ ಎಸೆಯುತ್ತಿದ್ದ. ಅವಳು ಅವನ್ನು ಆರಿಸಿ ಚೀಲಕ್ಕೆ ಹಾಕತೊಡಗಿದಳು. ಇಡೀ ಪೈಪು ಎಷ್ಟುದ್ದ ಗೊತ್ತಿತ್ತು. ತುಂಡುಗಳನ್ನು ಕೂಡಿಸಿ ಕಳೆದರೆ ಉಳಿದದ್ದೇ ಗುಟ್ಟು. ಟ್ಯಾಕ್ಸಿಯವರು ಹೆಚ್ಚಾಗಿ ಒಂದೇ ಜಾತಿಯ ವೂಫರ್ ತರುತ್ತಿದ್ದರು. ಆ ವೂಫರಿಗೆ ಲೆಕ್ಕ ಪ್ರತಿಸಲವೂ ಅಲ್ಲಿಗೇ ಬಂದು ನಿಂತಿತು. ಒಂದು ಗೇಣು, ನಾಲ್ಕು ಬೆರಳು.

ಇಷ್ಟಕ್ಕೇ ನನ್ನನ್ನು ನೀರಿಗೆ ಕಳಿಸುತ್ತಿದ್ದನೇ, ಅಂತ ಅವಳಿಗೆ ನಗು ಬಂತು. ಸಿಟ್ಟೂ ಬಂತು.

ಬಸ್‌ಸ್ಟ್ಯಾಂಡಿನ ಪಕ್ಕ ಒಂದು ಮಳಿಗೆ ಹಿಡಿದಳು. 'ನೀಲವ್ವ ಸೌಂಡ್ಸ್' ಎಂದು ಬೋರ್ಡು ಬರೆಸಿದಳು. ಒಂದು ಪೆಟ್ಟಿಗೆಯನ್ನೂ ಪೂರಾ ತಾನೇ ಮಾಡಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುವುದು ಇದಕ್ಕೇ. ಮೌನಪ್ಪನಿಗೆ, "ಮನ್ಯಾಗ ಮದುವಿ ಐತ್ರಿ" ಅಂತ ಹೇಳಿ ಹೊರಟಳು.

"ಯಾರದು?" ಅಂದ ಮೌನಪ್ಪ.

"ದೂರದವರದು."

ಅವನು ಅವಳ ಬಾಯಿಯನ್ನೇ ನೋಡುತ್ತಿದ್ದ. ಹ್ಞೂಂ ಅಂದ.

ಮೊದಲ ಗಿರಾಕಿ ಟ್ಯಾಕ್ಸಿ ಓಡಿಸುವ ಹುಲಿಗೆಪ್ಪ. ಹೊಸ ವೂಫರನ್ನು ಮಗುವಿನ ಹಾಗೆ ಟವೆಲಿನಲ್ಲಿ ಸುತ್ತಿ ತಂದಿದ್ದ. ಅವನೂ ಕಡಿಮೆ ಅನುಮಾನದವನಲ್ಲ. ತನ್ನ ಟೈರಿನ ಗಾಳಿಯನ್ನು ತಾನೇ ಎರಡು ಕಡೆ ನೋಡಿಸುವ ಆಸಾಮಿ.

"ಉಸ್ತಾದ್ ಕಡೆ ಕಲತಾಕಿ ಅಂತ ಕೊಡಾಕತ್ತೀನಿ," ಅಂದ.

ನೀಲವ್ವ ಮನಸ್ಸಿಟ್ಟು ಮಾಡಿದಳು. ಗುರುವಿನ ಪೆಟ್ಟಿಗೆ ಹೊರಗಿನಿಂದ ಎಷ್ಟಿತ್ತೋ ಅಷ್ಟೇ ಅಳತೆ. ಆದರೆ ಅವನು ಒಂದು ಹಲಗೆ ಹಾಕಿದ ಕಡೆ ಇವಳು ಒಳಗಿನಿಂದ ಜೋಡಿ ಹಲಗೆ ಹಾಕಿದಳು. ಅಡ್ಡಪಟ್ಟಿ ಬೇರೆ. ನನ್ನದು ಅವನದಕ್ಕಿಂತ ಗಟ್ಟಿ ಅಂತ ಜನ ಹೇಳಬೇಕು ಎಂಬ ಆಸೆ. ಪೈಪು ಒಂದು ಗೇಣು ನಾಲ್ಕು ಬೆರಳು.

ಮೊದಲ ಹಾಡು ಚಂದ ಬಂತು. ಹುಲಿಗೆಪ್ಪ ತಲೆದೂಗಿದ.

ಎರಡನೆಯದರಲ್ಲಿ ಆಳದ ಡೊಳ್ಳು ಇತ್ತು. ವೂಫರಿನ ಹಾಳೆ ಹುಚ್ಚು ಹಿಡಿದಂತೆ ಹಾರತೊಡಗಿತು. ಟಕ್ ಟಕ್ ಅಂತ ಬಡಿಯಿತು. ಕೂದಲು ಸುಟ್ಟ ವಾಸನೆ ಬಂತು. ಆಮೇಲೆ ಏನೂ ಬರಲಿಲ್ಲ.

ಹುಲಿಗೆಪ್ಪ ಡಿಕ್ಕಿಯೊಳಗೆ ತಲೆ ಹಾಕಿ ನೋಡಿದ. ಅವಳ ಮುಖ ನೋಡಿದ.

"ನನ್ನ ಅಸಲಿ ವೂಫರ್ ತಗದು ನಕಲಿ ಕೂಡಿಸೀಯೇನು?"

"ದೇವರಾಣಿ ಇಲ್ರಿ."

"ಸಂತಿ ದಿನ ಬರ್ತೀನಿ. ಅಷ್ಟರಾಗ ಸರಿ ಆಗದಿದ್ರ ಸ್ಟ್ಯಾಂಡಿಗೆಲ್ಲ ಹೇಳ್ತೀನಿ. ಒಂದು ಟ್ಯಾಕ್ಸಿ ನಿನ್ನ ಬಾಗಲಿಗೆ ಬರಂಗಿಲ್ಲ. ಬೋರ್ಡು ನಾನ ಇಳಸ್ತೀನಿ."

ಅವನು ಸುಮ್ಮನೆ ಹೆದರಿಸುವವನಲ್ಲ. ಸ್ಟ್ಯಾಂಡಿನಲ್ಲಿ ಅವನ ಮಾತಿಗೆ ಬೆಲೆ ಇತ್ತು.

ಈಗ ಬೇರೆ ಯಾರಾದರೂ ಆಗಿದ್ದರೆ ತನ್ನ ತಪ್ಪು ಎಲ್ಲಿ ಎಂದು ನೋಡುತ್ತಿದ್ದರು. ನೀಲವ್ವನಿಗೆ ಹೊಳೆದದ್ದೇ ಬೇರೆ. ಮುದುಕ ಬೇಕಂತಲೇ ಸುಳ್ಳು ತುಂಡು ಎಸೆದಿದ್ದಾನೆ. ನಾನು ಆರಿಸುತ್ತೇನೆಂದು ಅವನಿಗೆ ಗೊತ್ತಿತ್ತು. ಕದ್ದವಳು ತಾನು, ಕಳ್ಳ ಮಾತ್ರ ಅವನು. ಲೋಕ ನಡೆಯುವುದೇ ಹೀಗೆ.

ಪೆಟ್ಟಿಗೆಯನ್ನು ಒಂದು ಆಟೋಗೆ ಹಾಕಿಕೊಂಡು ಶೆಡ್ಡಿಗೆ ಬಂದಳು. ಹೊರಗೆ ಬೇವಿನ ನೆರಳಲ್ಲಿ ಯಾರದೋ ಜೀಪು ನಿಂತಿತ್ತು. ಮೌನಪ್ಪ ಪೈಪು ಕೊಯ್ಯಲು ಗರಗಸ ತೆಗೆಯುತ್ತಿದ್ದ. ಮದುವೆ ಹೇಗಾಯಿತು ಅಂತ ಕೇಳಲಿಲ್ಲ.

"ಬಂದ್ಯಾ? ಒಂದು ಕೊಡ ನೀರು ತಾ."

ಅವಳು ಕೊಡ ತೆಗೆದುಕೊಂಡು ಹೊರಬಿದ್ದಳು. ನಾಲ್ಕು ಹೆಜ್ಜೆ ನಡೆದು ಕೊಡವನ್ನು ಕಲ್ಲಿನ ಮೇಲೆ ಇಟ್ಟಳು. ಸುತ್ತಿ ಬಂದು ಶೆಡ್ಡಿನ ಹಿಂದಿನ ತಗಡಿನ ಸಂದಿಗೆ ಕಣ್ಣಿಟ್ಟಳು.

ಮೌನಪ್ಪ ಪೆಟ್ಟಿಗೆಯನ್ನು ಅಂಗಾತ ಮಲಗಿಸಿದ್ದ. ವೂಫರಿನ ಹಾಳೆಯ ಮೇಲೆ ವಿಭೂತಿ ಉದುರಿಸಿದ. ಒಂದು ಅಂಗೈಯನ್ನು ಪೈಪಿನ ಬಾಯಿಯ ಮುಂದೆ ಹಿಡಿದ. ಇನ್ನೊಂದು ಕೈಯಿಂದ ವೂಫರಿಗೆ ಜೋಡಿಸಿದ್ದ ಫೋನು ಒತ್ತಿದ. ಗುಂಯ್ ಎನ್ನುವ ಸದ್ದು ತಗ್ಗಿನಿಂದ ಏರತೊಡಗಿತು.

ವಿಭೂತಿ ಕುಣಿಯಿತು. ಸದ್ದು ಏರಿತು. ಒಂದು ಜಾಗಕ್ಕೆ ಬಂದಾಗ ವಿಭೂತಿ ಇದ್ದಲ್ಲೇ ನಿಂತಿತು. ಹಾಳೆ ಮಲಗಿದಂತಿತ್ತು, ಕೆಲಸವನ್ನೆಲ್ಲ ಪೈಪಿನ ಗಾಳಿ ಮಾಡುತ್ತಿತ್ತು. ಅವನು ಫೋನಿನಲ್ಲಿ ಆ ಸ್ವರ ಯಾವುದು ಎಂದು ನೋಡಿದ. ಪೈಪಿನ ತುದಿಯಿಂದ ಒಂದು ಬಳೆಯಷ್ಟು ಕೊಯ್ದ. ಮತ್ತೆ ವಿಭೂತಿ ಉದುರಿಸಿದ.

ನೀಲವ್ವನಿಗೆ ತಡೆಯಲಾಗಲಿಲ್ಲ. ಹಿಂದಿನ ಬಾಗಿಲಿನಿಂದ ಒಳಗೆ ಹೋದಳು.

"ಇದನ್ನ ಮುಚ್ಚಿಟ್ಟಿದ್ರೇನು?" ಅಂದಳು ಅವನ ಬೆನ್ನಿಗೆ.

ಅವನು ತಿರುಗಲಿಲ್ಲ.

"ಸುಳ್ಳು ತುಂಡು ಒಗದು ನನ್ನ ಮನಿ ಹಾಳ ಮಾಡಿದ್ರಿ. ಹೆಣ್ಣಮಗಳು ಅಂತ ನೀರು ಹೊರಿಸಿದ್ರಿ. ನಿಮ್ಮನ್ನ ಗುರು ಅಂದ ಬಾಯಿಗೆ ಮಣ್ಣು ಹಾಕ."

ಮೌನಪ್ಪ ಪೈಪಿಗೆ ಬಳೆ ಗುರುತು ಹಾಕುತ್ತಿದ್ದ. ಕೈ ಅಲುಗಲಿಲ್ಲ.

ಸಿಟ್ಟು ನೆತ್ತಿಗೇರಿ ಅವಳು ಹಲಗೆಯ ಮೇಲಿದ್ದ ಮರದ ಕೊಡತಿ ಎತ್ತಿ ಗೋಡೆಯ ತಗಡಿಗೆ ಬಡಿದಳು. ಬೇವಿನ ಮರದ ಕಾಗೆಗಳು ಹಾರಿಹೋದವು.

ಅವನು ಗುರುತು ಹಾಕುತ್ತಲೇ ಇದ್ದ.

ಅವಳ ನೆರಳು ವಿಭೂತಿಯ ಮೇಲೆ ಬಿತ್ತು. ಆಗ ತಲೆಯೆತ್ತಿದ.

"ನೀರು ತಂದ್ಯಾ?" ಅಂದ.

ನೀಲವ್ವನ ಕೈಯಿಂದ ಕೊಡತಿ ಜಾರಿತು. ಆಡಿದ್ದೆಲ್ಲ ಅವನಿಗೆ ತಲುಪಿಲ್ಲ ಎಂದು ಸಮಾಧಾನವಾಯಿತು, ತಲುಪಿಲ್ಲವಲ್ಲ ಎಂದು ನಾಚಿಕೆಯಾಯಿತು. ಮರುಗಳಿಗೆ, ಇದೂ ನಾಟಕವೇ ಇರಬಹುದೇ ಅಂತಲೂ ಅನ್ನಿಸಿತು. ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ.

ಅವನ ಎದುರಿಗೆ ಬಂದು ಕೂತಳು. ಮುಖಕ್ಕೆ ಮುಖ ಕೊಟ್ಟು ಕೇಳಿದಳು.

"ಯಾವಾಗಿಂದ್ರಿ?"

ಮೌನಪ್ಪ ಅಂಗೈಯ ಬೂದಿ ಒರೆಸಿಕೊಂಡ.

"ಮೆಲ್ಲಕ ಹೋತವ್ವ. ಮೊದಲು ಗುಬ್ಬಿ ಹೋದ್ವು. ಆಮ್ಯಾಲ ಮೊಮ್ಮಗಳ ಮಾತು. ಈಗ ಮುಖ ನೋಡಿದ್ರ ಮಾತು ತಿಳೀತೈತಿ. ಹಾಡಂದ್ರ ಮೈಗೆ ನಡುಕ, ಅಷ್ಟ."

"ಯಾಕ ಹೇಳಲಿಲ್ಲ?"

"ಕಿವುಡನ ಕಡೆ ಯಾರು ಕಾರು ತರ್ತಾರ?"

"ನನಗರ ಹೇಳಬಹುದಿತ್ತು."

"ನಿನ್ನ ಮ್ಯಾಲೆ ನನಗ ಅನುಮಾನ ಇತ್ತು."

ನೀಲವ್ವ ತಲೆ ತಗ್ಗಿಸಿದಳು. ಅವನು ಅವಳ ಗದ್ದ ಹಿಡಿದು ಮುಖ ಮೇಲೆತ್ತಿದ. ಇಲ್ಲದಿದ್ದರೆ ಮಾತು ಕಾಣುವುದಿಲ್ಲ.

"ನನಗೂ ನಿಮ್ಮ ಮ್ಯಾಲೆ ಇತ್ರಿ," ಅಂದಳು. ಎಲ್ಲ ಹೇಳಿದಳು. ತುಂಡು ಆರಿಸಿದ್ದು, ಮಳಿಗೆ, ಹುಲಿಗೆಪ್ಪ, ಸುಟ್ಟ ವೂಫರ್, ಸಂತೆ ದಿನದ ಗಡುವು.

"ತುಂಡು ಆರಿಸೋದು ನೋಡೀನಿ," ಅಂದ ಮೌನಪ್ಪ.

"ಮತ್ತ ಯಾಕ ಬಿಟ್ರಿ?"

"ಬಾಯಿಲೆ ಹೇಳಿದ್ರ ನಂಬ್ತಿದ್ಯೇನು?"



"ತುಂಡು ಸುಳ್ಳಲ್ಲೇನ್ರಿ ಹಂಗಾರ?"

"ಖರೇನ ಐತಿ. ನೀ ಹಲಗಿ ಹ್ಯಾಂಗ ಹಾಕಿದಿ?"

"ಒಳಗ ಜೋಡಿ. ಗಟ್ಟಿ ಇರಲಿ ಅಂತ."

"ಹೊರಗಿನ ಅಳತಿ?"

"ನಿಮ್ಮದ."

ಮೌನಪ್ಪ ಎದ್ದು ಹೊರಗೆ ಹೋದ. ಕಲ್ಲಿನ ಮೇಲೆ ಅವಳು ಬಿಟ್ಟಿದ್ದ ಖಾಲಿ ಕೊಡ ತಂದು ಮುಂದಿಟ್ಟ. ಅದು ಅಲ್ಲಿ ಹೇಗೆ ಬಂತು ಎಂದು ಕೇಳಲಿಲ್ಲ.

"ಬಾಯಿಗೆ ಅಂಗೈಲೆ ಬಡಿ."

ಬಡಿದಳು. ದುಮ್ ಅಂತ ದಪ್ಪ ಸ್ವರ ಬಂತು.

ಡ್ರಮ್ಮಿನಿಂದ ಅರ್ಧ ಕೊಡ ನೀರು ಹಾಕಿದ.

"ಈಗ ಬಡಿ. ಏನಾತು ಹೇಳು."

"ಸ್ವರ ಮ್ಯಾಲೆ ಹೋತ್ರಿ."

"ಹೋಗಲೇಬೇಕು," ಅಂದ ಅವನು, ಅವಳ ತುಟಿಯ ಮೇಲೆ ಕಣ್ಣಿಟ್ಟು. "ಕೊಡ ಅದ, ಬಾಯಿ ಅದ. ಒಳಗಿನ ಜಾಗ ಸಣ್ಣದಾತು. ನಿನ್ನ ಜೋಡಿ ಹಲಗಿ ಒಳಗಿನ ಜಾಗ ತಿಂದೈತಿ. ಪೆಟಗಿ ಸ್ವರ ಮ್ಯಾಲೆ ಹೋತು, ಹಾಡು ಅದರ ಕೆಳಗ ಇಳೀತು. ಅಲ್ಲಿ ಹಾಳಿಗೆ ಗಾಳಿ ಆಸರ ಇರಂಗಿಲ್ಲ. ಹಾರಿ ಹಾರಿ ಸುಟ್ಟುಕೊಂತು."

"ಈಗ?"

"ಉದ್ದನ್ನ ಪೈಪು ತಗೋ. ನೀನ ಕೊಯ್ಯಿ."

ಶೆಡ್ಡಿನ ಮೂಲೆಯಲ್ಲಿ ಅದೇ ಜಾತಿಯ ಒಂದು ವೂಫರ್ ಇತ್ತು, ಮೌನಪ್ಪ ಪರೀಕ್ಷೆಗೆ ಇಟ್ಟುಕೊಂಡದ್ದು. ಅದನ್ನೇ ಬಿಚ್ಚಿ ಕೊಟ್ಟ. ನೀಲವ್ವ ವಿಭೂತಿ ಉದುರಿಸಿದಳು. ಸದ್ದು ಏರಿಸಿದಳು. ಒಂದೊಂದೇ ಬಳೆ ಕೊಯ್ದಳು. ಕೊಯ್ದ ಪೈಪು ಮತ್ತೆ ಬೆಳೆಯುವುದಿಲ್ಲ, ಹಾಗಾಗಿ ಪ್ರತಿ ಬಳೆಗೂ ಎರಡೆರಡು ಸಲ ಗುರುತು ಹಾಕಿ ನೋಡಿದಳು. ಕೊನೆಗೆ ಬೇಕಾದ ಸ್ವರದಲ್ಲಿ ವಿಭೂತಿ ನಿಂತಿತು. ಪೈಪು ಗುರುವಿನದಕ್ಕಿಂತ ಉದ್ದವೇ ಉಳಿದಿತ್ತು.

ಮೌನಪ್ಪ ಅಂಗೈ ಹಿಡಿದು ನೋಡಿ, "ಆತು," ಅಂದ.

"ಆಗಿಲ್ರಿ," ಅಂದಳು ನೀಲವ್ವ.

"ಯಾಕ?"

"ಪೈಪಿನ ಬಾಯಾಗ ಗಾಳಿ ಸುಸ್ ಅಂತೈತಿ."

ಅವನು ಮತ್ತೆ ಅಂಗೈ ಹಿಡಿದ. ಕಿವಿಯನ್ನೇ ತಂದು ಹಿಡಿದ. ಹುಬ್ಬು ಗಂಟಿಕ್ಕಿ ಅವಳನ್ನು ನೋಡಿದ. ಆ ನೋಟ ಅವಳಿಗೆ ಗೊತ್ತಿತ್ತು, ಇಷ್ಟು ದಿನ ಅವಳೇ ಅವನನ್ನು ಹಾಗೆ ನೋಡಿದ್ದಳು.

"ಇಲ್ಲ," ಅಂದ.

"ಐತಿ," ಅಂದಳು.

ಮೌನಪ್ಪ ಅಂಗೈ ಕೆಳಗಿಳಿಸಿದ.

"ಹೋದ ವರ್ಷ ಇಬ್ಬರು ಮೂವರು ಹಿಂಗ ಅಂದ್ರು. ನೆಪ ಹುಡುಕ್ತಾರ ಅಂತ ಜಗಳಾಡಿ ಕಳಸೀನಿ," ಅಂದ. ಆಮೇಲೆ ಅರವನ್ನು ಅವಳ ಕಡೆ ಸರಿಸಿದ.

ಅವಳು ಪೈಪಿನ ಬಾಯಿಯ ಚೂಪು ಅಂಚನ್ನು ಅರದಿಂದ ಉಜ್ಜಿ ಗುಂಡಗೆ ಮಾಡಿದಳು. ಉಜ್ಜುಕಾಗದ ಹಾಕಿ ನುಣುಪು ಮಾಡಿದಳು. ಸುಸ್ ಎನ್ನುವುದು ನಿಂತಿತು. ನಿಂತಿತೋ ಇಲ್ಲವೋ ಎಂದು ಅವನು ಅವಳ ಮುಖ ನೋಡಿಯೇ ತಿಳಿಯಬೇಕಾಯಿತು. ಅದು ಅವನಿಗೆ ಕಷ್ಟವಾಯಿತು. ಅವಳಿಗೂ.

ನೀಲವ್ವ ಹೇಳಿ ಕಳಿಸಿದ್ದಳು, ಸಂತೆ ದಿನ ಹುಲಿಗೆಪ್ಪ ಶೆಡ್ಡಿಗೇ ಬಂದ. ಸಾಕ್ಷಿಗೆಂದು ಸ್ಟ್ಯಾಂಡಿನ ಇಬ್ಬರು ಡ್ರೈವರುಗಳನ್ನು ಕರೆತಂದಿದ್ದ.

"ಇದು ನನ್ನ ವೂಫರ್ ಅಲ್ಲ," ಅಂದ ಮೊದಲೇ.

"ನಿಮ್ಮದು ಸುಟ್ಟೈತ್ರಿ. ತಪ್ಪು ನಂದು. ಇದು ಅದ ಜಾತೀದು, ನೋಡ್ರಿ," ಅಂದಳು ನೀಲವ್ವ.

ಅವನು ಹಿಂದೆ ಮುಂದೆ ನೋಡಿದ. ಉಗುರಿನಿಂದ ಕೆರೆದ. ಮೂಸಿಯೂ ನೋಡಿದ. ಪೆಟ್ಟಿಗೆಯನ್ನು ಡಿಕ್ಕಿಗೆ ಹಾಕಿಸಿ ಹಾಡು ಹಚ್ಚಿದ. ಚಂದ ಬಂತು.

"ಅವತ್ತೂ ಮೊದಲನೇದು ಚಂದ ಇತ್ತು," ಅಂದ.

ಡೊಳ್ಳಿನ ಹಾಡು ಹಚ್ಚಿದ. ಡೊಳ್ಳು ನೆಲದಿಂದ ಎದ್ದು ಬಂದು ಎದೆಯಲ್ಲಿ ಕೂತಿತು. ಡ್ರೈವರುಗಳಲ್ಲಿ ಒಬ್ಬ ತನಗೆ ಅರಿವಿಲ್ಲದೆ ಹೆಜ್ಜೆ ಹಾಕಿದ. ಹುಲಿಗೆಪ್ಪ ಅವನನ್ನು ದುರುಗುಟ್ಟಿ ನೋಡಿದ.

"ಈಗ ಬರ್ತೈತಿ. ನಾಳೆ? ಒಮ್ಮಿ ಸುಟ್ಟಾಕಿ ಮಾತು ನಾ ನಂಬಂಗಿಲ್ಲ," ಅಂದ. ಹಾಡು ನಿಲ್ಲಿಸಿ ಮೌನಪ್ಪನ ಎದುರು ಬಂದು ನಿಂತ. "ಉಸ್ತಾದ್, ನೀವು ಹೇಳ್ರಿ. ನಿಮ್ಮ ಕಿವಿಲೆ ಕೇಳಿದ್ರೆಲ್ಲ, ಈ ಪೆಟಗಿ ಸರಿ ಐತೋ ಇಲ್ಲೋ? ನೀವು ಹ್ಞೂಂ ಅಂದ್ರ ಹ್ಞೂಂ, ಸ್ಟ್ಯಾಂಡಿನ ಗಾಡಿ ಎಲ್ಲಾ ಈಕಿ ಕಡೆ ಕಳಸ್ತೀನಿ. ಇಲ್ಲಾಂದ್ರ ಬೋರ್ಡು ಇಳಸೋದ."

ಡ್ರೈವರುಗಳೂ ಮೌನಪ್ಪನ ಕಡೆ ತಿರುಗಿದರು.

ಒಂದು ಹ್ಞೂಂ ಸಾಕಿತ್ತು. ಅವಳ ಬೋರ್ಡು ಉಳಿಯುತ್ತಿತ್ತು, ಅವನ ಗುಟ್ಟೂ ಉಳಿಯುತ್ತಿತ್ತು. ಹಾವೂ ಸಾಯುತ್ತಿತ್ತು, ಕೋಲೂ ಮುರಿಯುತ್ತಿರಲಿಲ್ಲ.

ಆದರೆ ನೀಲವ್ವನಿಗೆ ಮತ್ತೆ ಅನುಮಾನ ಎದ್ದಿತು. ಇವನ ಬೆನ್ನ ಹಿಂದೆ ಕದ್ದವಳು ನಾನು, ಸುಳ್ಳು ಹೇಳಿ ಮಳಿಗೆ ಹಿಡಿದವಳು ನಾನು. ಈಗ ಸೇಡು ತೀರಿಸಿಕೊಳ್ಳಲು ಇವನಿಗೆ ಒಂದೇ ಮಾತು ಸಾಕು. ಈಕೆ ಮಾಡಿದ್ದು, ನನಗೇನು ಗೊತ್ತು ಅಂದರೆ ಮುಗಿಯಿತು. ಇಷ್ಟಾದ ಮೇಲೂ ಅವನನ್ನು ಅನುಮಾನಿಸುತ್ತಿದ್ದೇನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಮೌನಪ್ಪ ಹುಲಿಗೆಪ್ಪನ ತುಟಿ ನಿಲ್ಲುವವರೆಗೆ ನೋಡಿದ. ಡಿಕ್ಕಿಯ ಬಾಗಿಲನ್ನು ಮೆಲ್ಲಗೆ ಮುಚ್ಚಿದ.

"ನನ್ನ ಕಿವಿ ಹೋಗಿ ಬಾಳ ದಿನ ಆತು, ಹುಲಿಗೆಪ್ಪ. ಈ ಶೆಡ್ಡಿನ್ಯಾಗ ಕಿವಿ ಇರೋದು ಈಕಿಗೊಬ್ಬಾಕಿಗೆ. ಈಕಿನ್ನ ಕೇಳು."